ಕ್ರೂಸ್ ಬಂದರಿನಲ್ಲಿ ಡಾಲರ್ ಕೊಡ್ಬೇಕಾ, ಅಲ್ಲಿನ ದುಡ್ಡು ಕೊಡ್ಬೇಕಾ? ವಿನಿಮಯದ ನಷ್ಟ ಯಾರ ಜೇಬಿಗೆ ಬೀಳುತ್ತೆ?

ಕಾಲೇಜಿನಲ್ಲಿ ನನ್ನ ಜೊತೆ ಓದಿ ಈಗ ಟೆಕ್ಸಾಸ್‌ನಲ್ಲಿರೋ ಗೆಳೆಯನೊಬ್ಬ ವಾಟ್ಸಾಪ್‌ನಲ್ಲಿ ಒಂದು ಪ್ರಶ್ನೆ ಕಳಿಸಿದ್ದ. ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ, ಎಲ್ಲರೂ ಸೇರಿ ಗ್ಯಾಲ್ವೆಸ್ಟನ್ ಬಂದರಿನಿಂದ ಹಡಗು ಹತ್ತಿ ಮೆಕ್ಸಿಕೋದ ಕೊಸುಮೆಲ್, ಆಮೇಲೆ ಬೆಲೀಜ್ ನೋಡಿ ಬರ್ತೀವಿ. "ಪ್ರತಿ ದೇಶದ ದುಡ್ಡೂ ಬೇಕಾ? ಡಾಲರ್ ಸಾಕಾಗಲ್ವಾ? ಎಲ್ಲರೂ ತಗೋತಾರಂತೆ."

ತಗೋತಾರೆ ನಿಜ. ಆದರೆ 'ತಗೋತಾರೆ' ಅನ್ನೋದು ಉತ್ತರದ ಕಾಲು ಭಾಗ ಮಾತ್ರ. ಯಾವ ದರಕ್ಕೆ ತಗೋತಾರೆ, ಚಿಲ್ಲರೆ ಯಾವುದರಲ್ಲಿ ಕೊಡ್ತಾರೆ, ತಗೊಂಡವರು ಆ ನೋಟನ್ನ ಮುಂದೆ ಏನು ಮಾಡ್ತಾರೆ ಅನ್ನೋದು ಉಳಿದ ಮುಕ್ಕಾಲು. ಮೊದಲ ಎರಡು ನಮ್ಮ ಜೇಬಿನ ವಿಷಯ. ಮೂರನೆಯದು ರಾಜಕೀಯ. ಅದಕ್ಕೇ ಒಬ್ಬನಿಗೆ ಕಳಿಸಬೇಕಿದ್ದ ಉತ್ತರವನ್ನ ಎಲ್ಲರಿಗೂ ಬರೀತಿದ್ದೀನಿ. ಇದು ಅಮೆರಿಕದಲ್ಲಿರೋರ ತಲೆನೋವು ಮಾತ್ರ ಅಂದ್ಕೋಬೇಡಿ. ಕೊನೆಗೆ ನಾವು ನಮ್ಮ ಪಣಂಬೂರಿಗೇ ಬಂದು ನಿಲ್ತೀವಿ.

ಕ್ರೂಸ್ ನಿಲುಗಡೆ ಯಾಕೆ ಬೇರೆ?

ವಿಮಾನದಲ್ಲಿ ಹೋದ ಪ್ರವಾಸಿಗೆ ಸಮಯ ಇರುತ್ತೆ. ನಿಲ್ದಾಣದಲ್ಲಿ ಸ್ವಲ್ಪ ದುಡ್ಡು ಬದಲಾಯಿಸಿ, ಮಾರನೇ ದಿನ ಊರೊಳಗೆ ಒಳ್ಳೇ ದರ ಹುಡುಕಿ, ಎರಡನೇ ದಿನಕ್ಕೆ ಅಲ್ಲಿನ ನೋಟುಗಳಿಗೆ ಹೊಂದಿಕೊಂಡು ಬಿಡ್ತಾನೆ. ಕ್ರೂಸ್ ಪ್ರಯಾಣಿಕನಿಗೆ ಸಿಗೋದು ಆರೋ ಎಂಟೋ ಗಂಟೆ. ಹಡಗಿನೊಳಗೆ ಎಲ್ಲವೂ ಕಾರ್ಡಿನ ಲೆಕ್ಕ, ಕೈಗೆ ನೋಟೇ ಬೇಕಿಲ್ಲ. ಗ್ಯಾಂಗ್‌ವೇ ಇಳಿದ ಕೂಡಲೇ ಬೇರೆ ದೇಶ. ಸಾವಿರಾರು ಜನ ಒಂದೇ ಸಲ ಇಳೀತಾರೆ, ಸಂಜೆ ಒಂದೇ ಸಲ ಮಾಯ ಆಗ್ತಾರೆ. ನಾಳೆ ಮತ್ತೊಂದು ದೇಶ, ಮತ್ತೊಂದು ದುಡ್ಡು.

ಇಂಥ ಕಡೆ ಮಾರುವವರು ಕೊಳ್ಳುವವರ ದುಡ್ಡಿಗೆ ಹೊಂದಿಕೊಳ್ಳೋದು ಸಹಜ. ಕೆರಿಬಿಯನ್ ಬಂದರುಗಳಿಗೆ ಬರೋರಲ್ಲಿ ಹೆಚ್ಚಿನವರು ಅಮೆರಿಕನ್ನರು, ಹಾಗಾಗಿ ಡಾಲರ್. ವಿನಿಮಯದ ಕೆಲಸ ಬ್ಯಾಂಕ್ ಕೌಂಟರ್ ಬಿಟ್ಟು ಟೋಪಿ ಮಾರೋ ಗಾಡಿಗೆ, ಟ್ಯಾಕ್ಸಿ ಸೀಟಿಗೆ ಬಂದು ಕೂರುತ್ತೆ. ಅಂದ್ರೆ ಪ್ರತಿಯೊಬ್ಬ ಮಾರಾಟಗಾರನೂ ಪುಟ್ಟದೊಂದು ವಿನಿಮಯ ಕೇಂದ್ರ ಆಗ್ತಾನೆ. ಆ ಸೇವೆ ಪುಕ್ಕಟೆ ಸಿಗಲ್ಲ. ಅದರ ಬೆಲೆಯನ್ನ ಯಾರೋ ಒಬ್ಬರು ಕಟ್ಟಲೇಬೇಕು.

ಬಂದರುಗಳಲ್ಲಿ ನಾಲ್ಕು ಬಗೆ

'ಕೆರಿಬಿಯನ್' ಅಂತ ಒಂದೇ ಹೆಸರಲ್ಲಿ ಕರೆದ್ರೂ ದುಡ್ಡಿನ ಲೆಕ್ಕದಲ್ಲಿ ಅಲ್ಲಿ ನಾಲ್ಕು ಬೇರೆ ಬೇರೆ ಲೋಕಗಳಿವೆ.

ಒಂದು: ಡಾಲರೇ ಅಧಿಕೃತ ದುಡ್ಡು ಆಗಿರೋ ಕಡೆ. ಅಮೆರಿಕದ ಭಾಗವಾದ ಪೋರ್ಟೊ ರಿಕೊ, ಅಮೆರಿಕನ್ ವರ್ಜಿನ್ ದ್ವೀಪಗಳಲ್ಲಿ ಡಾಲರ್ ಇರೋದರಲ್ಲಿ ಆಶ್ಚರ್ಯ ಇಲ್ಲ. ಆದರೆ ಬ್ರಿಟನ್ನಿನ ಅಧೀನದಲ್ಲಿರೋ ಬ್ರಿಟಿಷ್ ವರ್ಜಿನ್ ದ್ವೀಪಗಳು ಮತ್ತು ಟರ್ಕ್ಸ್ ಆಂಡ್ ಕೈಕೋಸ್‌ನಲ್ಲೂ ಅಮೆರಿಕನ್ ಡಾಲರೇ ಅಧಿಕೃತ. ಇಲ್ಲಿ ನಮ್ಮ ಪ್ರಶ್ನೆಯೇ ಹುಟ್ಟಲ್ಲ.

ಎರಡು: ತಮ್ಮದೇ ದುಡ್ಡು ಇದ್ದು, ಅದನ್ನ ಡಾಲರ್‌ಗೆ ಸರಳ ಸಂಖ್ಯೆಯಲ್ಲಿ ಕಟ್ಟಿಹಾಕಿರೋ ದೇಶಗಳು. ಬಹಾಮಾಸ್‌ನಲ್ಲಿ ಒಂದಕ್ಕೆ ಒಂದು. ಬಾರ್ಬಡೋಸ್ ಮತ್ತು ಬೆಲೀಜ್‌ನಲ್ಲಿ 1 ಅಮೆರಿಕನ್ ಡಾಲರ್‌ಗೆ ಅವರ 2 ಡಾಲರ್. ಮನಸ್ಸಲ್ಲೇ ಲೆಕ್ಕ ಆಗುತ್ತೆ, ಎರಡೂ ನೋಟು ಒಟ್ಟೊಟ್ಟಿಗೆ ಓಡಾಡ್ತವೆ. ಅಪಾಯ ಇರೋದು ಬೇರೆ ಕಡೆ: ಅವರ ದುಡ್ಡಿನ ಹೆಸರೂ 'ಡಾಲರ್', ನಿಮ್ಮದೂ 'ಡಾಲರ್'. ಬೆಲೀಜ್‌ನಲ್ಲಿ "ಇಪ್ಪತ್ತು ಡಾಲರ್" ಅಂದಾಗ ಯಾವ ಡಾಲರ್ ಅಂತ ಕೇಳದೇ ಕೊಟ್ಟರೆ ಎರಡು ಪಟ್ಟು ಕೊಟ್ಟಂಗೆ.

ಮೂರು: ದರ ಸ್ಥಿರವಾಗಿದ್ರೂ ಸಂಖ್ಯೆ ಸರಳವಲ್ಲದ ಕಡೆ. ಆಂಟಿಗಾ, ಸೇಂಟ್ ಲೂಸಿಯಾ, ಡೊಮಿನಿಕಾ, ಗ್ರೆನಡಾ ಅಂದ್ರೆ ನಮಗೆ ವೆಸ್ಟ್ ಇಂಡೀಸ್ ಕ್ರಿಕೆಟ್. ಇವೆಲ್ಲ ಬಳಸೋದು ಒಂದೇ ದುಡ್ಡು, ಪೂರ್ವ ಕೆರಿಬಿಯನ್ ಡಾಲರ್. 1976ರಿಂದ 1 ಅಮೆರಿಕನ್ ಡಾಲರ್‌ಗೆ 2.70. ಆದರೆ ಅಂಗಡಿಯವರು 2.65, 2.60 ಅಂತ ಕೆಳಕ್ಕೆ ಇಳಿಸ್ತಾರೆ. ಕೇಮನ್ ದ್ವೀಪಗಳಲ್ಲಿ ಲೆಕ್ಕ ಉಲ್ಟಾ. ಅಲ್ಲಿನ 1 ಡಾಲರ್ ಅಂದ್ರೆ 1.20 ಅಮೆರಿಕನ್ ಡಾಲರ್. ಅಂದ್ರೆ ನಿಮ್ಮ 100 ಡಾಲರ್‌ಗೆ ಅಧಿಕೃತ ಲೆಕ್ಕದಲ್ಲಿ ಅವರ 83.33 ಸಿಗಬೇಕು. ಅಂಗಡಿಗಳ ವಾಡಿಕೆ ದರ 80. ಶೇ 4ರಷ್ಟು ಅಲ್ಲೇ ಹೋಯ್ತು. ದರಪಟ್ಟಿಯಲ್ಲಿ ಕೇಮನ್ ಡಾಲರ್‌ನಲ್ಲಿ 10 ಅಂತಿದ್ರೆ ನಿಮ್ಮ ಜೇಬಿಂದ ಹೋಗೋದು 12.50.

ನಾಲ್ಕು: ದರ ದಿನಾ ಏರಿಳಿಯೋ ದೇಶಗಳು. ಮೆಕ್ಸಿಕೋ, ಜಮೈಕಾ ಈ ಗುಂಪಿಗೆ ಸೇರ್ತವೆ. ಮೆಕ್ಸಿಕೋ ಪೆಸೊ 2024ರ ಏಪ್ರಿಲ್‌ನಲ್ಲಿ 1 ಡಾಲರ್‌ಗೆ 17ಕ್ಕಿಂತ ಕಡಿಮೆ ಇತ್ತು. ಅದೇ ವರ್ಷದ ಕೊನೆಗೆ 20 ದಾಟಿತ್ತು. ಹಳೇ ಪ್ರವಾಸಿಗಳ ಬಾಯಿಮಾತಿನ ದರ ನಂಬಿದ್ರೆ ಕೆಡೋದು ಇಂಥ ಕಡೆಯೇ. ಅತಿ ಹೆಚ್ಚು ನಷ್ಟ ಆಗೋದೂ ಇಲ್ಲೇ.

ಕೊಸುಮೆಲ್‌ನ ಲೆಕ್ಕ

ಎಂಜಿನಿಯರಿಂಗ್ ಓದಿ ಬಿಟ್ಟವನಿಗೆ ಉಳಿದಿರೋ ಒಂದೇ ಚಟ ಅಂದ್ರೆ ಕಾಗದದ ಮೇಲೆ ಲೆಕ್ಕ ಹಾಕೋದು. ಹಾಕೋಣ. ಬ್ಯಾಂಕ್ ದರ 1 ಡಾಲರ್‌ಗೆ 18 ಪೆಸೊ ಇರೋ ದಿನ, ಅಂಗಡಿಯವನು 16ರ ಲೆಕ್ಕ ಹಿಡಿದಿದ್ದಾನೆ ಅಂದ್ಕೊಳ್ಳಿ.

ಒಂದು ಟೀ ಶರ್ಟ್ 160 ಪೆಸೊ. ಬ್ಯಾಂಕ್ ದರದಲ್ಲಿ ಅದು 8.89 ಡಾಲರ್. ಅಂಗಡಿ ದರದಲ್ಲಿ 10 ಡಾಲರ್. ಅಂದ್ರೆ ಶೇ 12.5ರಷ್ಟು ಹೆಚ್ಚು. ಇದು ಮೊದಲ ನಷ್ಟ, ಎಲ್ಲರಿಗೂ ಕಾಣೋದು.

ಎರಡನೆಯದು ಕಾಣಲ್ಲ. ನೀರಿನ ಬಾಟಲಿ 20 ಪೆಸೊ, ಬ್ಯಾಂಕ್ ದರದಲ್ಲಿ 1.11 ಡಾಲರ್. ನಿಮ್ಮ ಹತ್ರ ಡಾಲರ್ ನಾಣ್ಯ ಇಲ್ಲ, ಇದ್ರೂ ಅವನು ತಗೊಳ್ಳಲ್ಲ. "ಎರಡು ಡಾಲರ್" ಅಂತಾನೆ. ಶೇ 80ರಷ್ಟು ಹೆಚ್ಚಾಯ್ತು! ಇದು ದರದ ಮೋಸ ಅಲ್ಲ, ದುಂಡಗಿನ ಸಂಖ್ಯೆಗೆ ಏರಿಸೋ ದೋಷ. ಖರೀದಿ ಸಣ್ಣದಾದಷ್ಟೂ ಈ ದೋಷ ದೊಡ್ಡದು. ದಿನವಿಡೀ ಎಳನೀರು, ಬಸ್ಸು, ಶೌಚಾಲಯ, ಒಂದು ಟ್ಯಾಕೊ ಅಂತ ಸಣ್ಣಸಣ್ಣ ಖರ್ಚೇ ಮಾಡೋರಿಗೆ ದರಕ್ಕಿಂತ ಹೆಚ್ಚು ಹೊಡೆತ ಕೊಡೋದು ಇದೇ.

ಮೂರನೆಯದು ಚಿಲ್ಲರೆ. 160 ಪೆಸೊ ಶರ್ಟಿಗೆ 20 ಡಾಲರ್ ನೋಟು ಕೊಟ್ಟರೆ, 16ರ ಲೆಕ್ಕದಲ್ಲಿ 160 ಪೆಸೊ ವಾಪಸ್ ಬರುತ್ತೆ. ಬ್ಯಾಂಕ್ ದರದಲ್ಲಿ ಅದರ ಬೆಲೆ 8.89 ಡಾಲರ್ ಮಾತ್ರ. ಅಂದ್ರೆ ಖರ್ಚೇ ಮಾಡದ 10 ಡಾಲರ್ ಮೇಲೂ ನಷ್ಟ. ಸಂಜೆ ಹಡಗು ಹತ್ತಿದ ಮೇಲೆ ಆ ಪೆಸೊ ಯಾವ ಲೆಕ್ಕಕ್ಕೂ ಬರಲ್ಲ.

ಹಾಗಾದ್ರೆ ಎಟಿಎಂಗೆ ಹೋಗಿ ಪೆಸೊ ತೆಗೆದ್ರೆ ಮುಗೀತಲ್ಲ? ಯಾವಾಗಲೂ ಅಲ್ಲ. ಅಲ್ಲಿನ ಎಟಿಎಂ ಶುಲ್ಕ, ನಿಮ್ಮ ಬ್ಯಾಂಕಿನ ಶುಲ್ಕ ಸೇರಿ 5 ಡಾಲರ್ ಅಂತಿಟ್ಕೊಳ್ಳಿ. 500 ಪೆಸೊ ಅಂದ್ರೆ ಸುಮಾರು 28 ಡಾಲರ್. ಅಷ್ಟಕ್ಕೆ 5 ಡಾಲರ್ ಶುಲ್ಕ ಶೇ 18 ಆಯ್ತು. ಅಂಗಡಿಯ ಶೇ 12.5ಕ್ಕಿಂತ ದುಬಾರಿ. 40 ಡಾಲರ್ ಮೌಲ್ಯದ ಪೆಸೊ ತೆಗೆದ್ರೆ ಎರಡೂ ಸಮ. ಅದಕ್ಕಿಂತ ಹೆಚ್ಚು ಖರ್ಚು ಇದ್ರೆ ಮಾತ್ರ ಎಟಿಎಂ ಲಾಭ. "ಯಾವಾಗಲೂ ಸ್ಥಳೀಯ ದುಡ್ಡೇ ಅಗ್ಗ" ಅನ್ನೋ ಬುದ್ಧಿಮಾತು ಅರ್ಧ ಸತ್ಯ. ನಿಮ್ಮ ಬ್ಯಾಂಕಿನ ಶುಲ್ಕ, ಆ ದಿನದ ಅಂಗಡಿ ದರ ಹಾಕಿ ನಿಮ್ಮದೇ ಸಮಬಿಂದು ಕಂಡ್ಕೊಳ್ಳಿ: ಶುಲ್ಕವನ್ನ ನಷ್ಟದ ಶೇಕಡದಿಂದ ಭಾಗಿಸಿದ್ರೆ ಆಯ್ತು.

ಇನ್ನೊಂದು ಬಲೆ: ಪೆಸೊಗೂ ಡಾಲರ್‌ಗೂ ಒಂದೇ ಚಿಹ್ನೆ. ಮೆಕ್ಸಿಕೋದ ದರಪಟ್ಟಿಯಲ್ಲಿ ಡಾಲರ್ ಗುರುತಿನ ಮುಂದೆ 160 ಅಂತಿದ್ರೆ ಅದು ಪೆಸೊ. ಈ ಗುರುತು ಮೂಲದಲ್ಲಿ ಹುಟ್ಟಿದ್ದೇ ಸ್ಪ್ಯಾನಿಷ್ ಪೆಸೊದಿಂದ ಅನ್ನೋದು ಹೆಚ್ಚಿನವರು ಒಪ್ಪೋ ವಿವರಣೆ. ಹಾಗಾಗಿ "ಇವರು ನಮ್ಮ ಚಿಹ್ನೆ ಕದ್ದಿದ್ದಾರೆ" ಅಂತ ಹೇಳೋ ಅಮೆರಿಕನ್ ಪ್ರವಾಸಿಗೆ ಚರಿತ್ರೆಯ ಪಾಠ ಬಾಕಿ ಇದೆ.

ಕಾರ್ಡ್ ಮಷಿನ್ ಕೇಳೋ ಸಭ್ಯ ಪ್ರಶ್ನೆ

ದೊಡ್ಡ ಅಂಗಡಿಯಲ್ಲಿ ಕಾರ್ಡ್ ಹಾಕಿದಾಗ ಮಷಿನ್ ಕೇಳುತ್ತೆ: ಪೆಸೊದಲ್ಲಿ ಕಟ್ಟಬೇಕಾ, ನಿಮ್ಮ ದೇಶದ ದುಡ್ಡಿನಲ್ಲಿ ಕಟ್ಟಬೇಕಾ? ಪರಿಚಯದ ಸಂಖ್ಯೆ ಕಂಡ ಖುಷಿಗೆ ಡಾಲರ್ ಅಥವಾ ರೂಪಾಯಿ ಒತ್ತಿಬಿಡ್ತೀವಿ. ಆಗ ದರ ನಿರ್ಧರಿಸೋದು ನಿಮ್ಮ ಬ್ಯಾಂಕೂ ಅಲ್ಲ, ವೀಸಾ-ಮಾಸ್ಟರ್‌ಕಾರ್ಡೂ ಅಲ್ಲ. ಆ ಮಷಿನ್ ಇಟ್ಟಿರೋ ಕಂಪನಿ ತನ್ನ ಲಾಭ ಸೇರಿಸಿ ದರ ಕಟ್ಟುತ್ತೆ, ಅದರಲ್ಲಿ ಅಂಗಡಿಗೂ ಪಾಲು ಹೋಗಬಹುದು. ಎಟಿಎಂಗಳೂ ಇದೇ ಆಟ ಆಡ್ತವೆ. ನಿಯಮ ಒಂದೇ: ಯಾವ ದೇಶದಲ್ಲಿ ನಿಂತಿದ್ದೀರೋ ಆ ದೇಶದ ದುಡ್ಡನ್ನೇ ಆರಿಸಿ.

ಭಾರತದ ಕಾರ್ಡ್ ಇಟ್ಕೊಂಡು ಹೋಗೋರಿಗೆ ಇನ್ನೆರಡು ಮಾತು. ನಮ್ಮ ಬಹುತೇಕ ಕಾರ್ಡ್‌ಗಳು ವಿದೇಶದ ಖರ್ಚಿನ ಮೇಲೆ ಸಾಮಾನ್ಯವಾಗಿ ಶೇ 2ರಿಂದ 3.5ರಷ್ಟು ಹೆಚ್ಚುವರಿ ಹಾಕ್ತವೆ, ಅದರ ಮೇಲೆ ಜಿಎಸ್‌ಟಿ. ಡಾಲರ್ ತುಂಬಿಸಿದ ಫಾರೆಕ್ಸ್ ಕಾರ್ಡನ್ನ ಪೆಸೊ ದೇಶದಲ್ಲಿ ಉಜ್ಜಿದ್ರೆ ಮತ್ತೊಂದು ಪರಿವರ್ತನಾ ಶುಲ್ಕ ಬೀಳಬಹುದು. ಹೊರಡೋ ಮೊದಲೇ ಬ್ಯಾಂಕಲ್ಲಿ ಕೇಳಿಕೊಳ್ಳಿ. ಹಾಗಿದ್ರೂ ದೊಡ್ಡ ಖರ್ಚಿಗೆ ಶೇ 12.5ಕ್ಕಿಂತ ಇದು ವಾಸಿ.

ನೋಟು ತಗೊಂಡವನ ಕಡೆಯಿಂದ ನೋಡಿ

ಇಲ್ಲಿವರೆಗೆ ಪ್ರವಾಸಿಯ ಲೆಕ್ಕ. ಪ್ರವಾಸದ ಬರಹಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ತವೆ. 18ರ ಜಾಗದಲ್ಲಿ 16 ಹಿಡಿದವನು ಲೂಟಿಕೋರ ಅನ್ನೋ ತೀರ್ಮಾನವೂ ಜೊತೆಗೇ ಬರುತ್ತೆ. ಆದರೆ ಅವನ ಗಲ್ಲಾ ಪೆಟ್ಟಿಗೆ ಒಳಗೆ ಒಮ್ಮೆ ನೋಡಿ.

ಅವನ ಬಾಡಿಗೆ, ಸಾಲ, ಮಗಳ ಶಾಲೆ ಫೀಸು ಎಲ್ಲ ಪೆಸೊದಲ್ಲಿ. ಸಂಜೆಗೆ ಕೈಯಲ್ಲಿರೋ ಡಾಲರ್ ನೋಟುಗಳನ್ನ ಎಲ್ಲಾದರೂ ಬದಲಾಯಿಸಲೇಬೇಕು. ಹರಿದ ನೋಟು, ಪೆನ್ನಿನಲ್ಲಿ ಗೀಚಿದ ನೋಟನ್ನ ವಿನಿಮಯ ಕೇಂದ್ರದವರು ಬೇಡ ಅನ್ನಬಹುದು. ನಾಣ್ಯವಂತೂ ಯಾರೂ ತಗೊಳ್ಳಲ್ಲ. 100ರ ನೋಟು ಖೋಟಾ ಆಗಿದ್ರೆ ಇಡೀ ದಿನದ ದುಡಿಮೆ ಹೋಯ್ತು. ನಾಳೆ ದರ ಬಿದ್ರೆ ಆ ನಷ್ಟವೂ ಅವನದೇ.

ಇದರ ಮೇಲೆ ಕಾನೂನು. 2010ರ ಜೂನ್‌ನಲ್ಲಿ ಮೆಕ್ಸಿಕೋದ ಹಣಕಾಸು ಸಚಿವಾಲಯ ಡಾಲರ್ ನಗದಿನ ಮೇಲೆ ಮಿತಿ ಹಾಕಿತು. ಮಾದಕ ವಸ್ತು ಜಾಲಗಳ ಕಪ್ಪುಹಣ ಬ್ಯಾಂಕುಗಳಿಗೆ ಹರಿಯೋದನ್ನ ತಡೆಯೋದು ಉದ್ದೇಶ. ಖಾತೆ ಇರೋ ವ್ಯಕ್ತಿ ತಿಂಗಳಿಗೆ 4,000 ಡಾಲರ್ ನಗದು ಮಾತ್ರ ಬ್ಯಾಂಕಿಗೆ ಕಟ್ಟಬಹುದು, ಖಾತೆ ಇಲ್ಲದ ವಿದೇಶಿ ಪ್ರವಾಸಿ ತಿಂಗಳಿಗೆ 1,500 ಡಾಲರ್ ಮಾತ್ರ ಬದಲಾಯಿಸಬಹುದು ಅಂತ ಆಯ್ತು. ಗಡಿ ಮತ್ತು ಪ್ರವಾಸಿ ಪ್ರದೇಶದ ವ್ಯಾಪಾರಗಳಿಗೆ ಪ್ರತ್ಯೇಕ ಮಿತಿ ಬಂತು. ಬ್ಯಾಂಕಿನ ಬಾಗಿಲು ಕಿರಿದಾದ್ರೆ ನೋಟಿನ ಬೆಲೆ ಕಡಿಮೆ ಆಗೋದು ಸಹಜ ಅಲ್ವಾ? ಅಂಗಡಿಯವನ 16ರಲ್ಲಿ ದುರಾಸೆ ಎಷ್ಟು, ಈ ಅಪಾಯಗಳ ಬೆಲೆ ಎಷ್ಟು ಅಂತ ಬಿಡಿಸಿ ನೋಡದೇ ತೀರ್ಪು ಕೊಡೋಕಾಗಲ್ಲ.

ಇಲ್ಲೇ ವರ್ಗದ ಪ್ರಶ್ನೆ ಬರೋದು. ಬಂದರಿನ ಗೇಟಿನೊಳಗಿರೋ ವಜ್ರದ ಅಂಗಡಿ ಡಾಲರ್‌ನಲ್ಲೇ ಬೆಲೆ ಕಟ್ಟುತ್ತೆ, ಡಾಲರ್‌ನಲ್ಲೇ ಸರಕು ತರಿಸುತ್ತೆ. ವಿನಿಮಯದ ಅಪಾಯವೇ ಇಲ್ಲ, ಇದ್ದಷ್ಟನ್ನ ಬೆಲೆಯೊಳಗೆ ಸೇರಿಸಿಬಿಡುತ್ತೆ. ಗೇಟಿನಾಚೆ ಹಣ್ಣು ಕತ್ತರಿಸಿ ಮಾರೋ ಹೆಂಗಸಿಗೆ ಹಾಗೆ ಬೆಲೆ ಏರಿಸೋ ಶಕ್ತಿ ಇಲ್ಲ. ಪಕ್ಕದಲ್ಲೇ ಇನ್ನೂ ಹತ್ತು ಗಾಡಿ ನಿಂತಿವೆ. ಅವಳು ಒಂದು ಡಾಲರ್ ನೋಟನ್ನ ಸುಮ್ಮನೆ ತಗೋತಾಳೆ, ಸಂಜೆ ಅದನ್ನ ಕಡಿಮೆ ದರಕ್ಕೆ ಯಾರಿಗೋ ಕೊಡ್ತಾಳೆ. ಚೌಕಾಸಿಯಲ್ಲಿ ಯಾರ ಕೈ ದುರ್ಬಲವೋ ವಿನಿಮಯದ ನಷ್ಟ ಅತ್ತ ಕಡೆಗೇ ಹರಿಯುತ್ತೆ. ನೀರು ತಗ್ಗಿಗೆ ಹರಿದಂಗೆ.

ಮೆಕ್ಸಿಕೋದ ಹಣಕಾಸು ಕಾನೂನಿನ ಪ್ರಕಾರ ವಿದೇಶಿ ದುಡ್ಡು ಅಲ್ಲಿ ಚಲಾವಣೆಯ ಹಣ ಅಲ್ಲ. ಡಾಲರ್‌ನಲ್ಲಿ ಮಾಡಿಕೊಂಡ ಬಾಕಿಯನ್ನೂ ಪೆಸೊದಲ್ಲಿ ತೀರಿಸಬಹುದು. ಡಾಲರ್ ತಗೊಳ್ಳೋದು ಅವರು ಮಾಡೋ ಉಪಕಾರ, ನಮ್ಮ ಹಕ್ಕಲ್ಲ. ಇಷ್ಟು ನೆನಪಿದ್ರೆ ಚೌಕಾಸಿಯ ಧ್ವನಿಯೇ ಬೇರೆ ಆಗುತ್ತೆ.

ಒಂದೇ ದುಡ್ಡು, ಎರಡು ದಾರಿ

ದುಡ್ಡು ಬರೀ ಅನುಕೂಲದ ವಸ್ತು ಅಲ್ಲ, ದೇಶದ ಚರಿತ್ರೆ ಅದರ ಮೇಲೆ ಅಚ್ಚಾಗಿರುತ್ತೆ. ಜಮೈಕಾ 1969ರಲ್ಲಿ ಪೌಂಡ್ ಬಿಟ್ಟು ತನ್ನ ಡಾಲರ್ ತಂತು. ಆಗ 1 ಜಮೈಕಾ ಡಾಲರ್ ಬೆಲೆ 1.20 ಅಮೆರಿಕನ್ ಡಾಲರ್. ಪಕ್ಕದ ಕೇಮನ್ ದ್ವೀಪಗಳಲ್ಲಿ ನಡೀತಿದ್ದುದೂ ಜಮೈಕಾ ದುಡ್ಡೇ. 1972ರಲ್ಲಿ ಕೇಮನ್ ತನ್ನದೇ ಡಾಲರ್ ತಂದಾಗ ಎರಡೂ ಸಮ ಇದ್ದವು.

ಇವತ್ತು? ಕೇಮನ್ ಡಾಲರ್ ಈಗಲೂ 1.20 ಅಮೆರಿಕನ್ ಡಾಲರ್‌ಗೆ ಕಟ್ಟಿಕೊಂಡಿದೆ. ಜಮೈಕಾದಲ್ಲಿ 1 ಅಮೆರಿಕನ್ ಡಾಲರ್ ಕೊಳ್ಳೋಕೆ 150ಕ್ಕೂ ಹೆಚ್ಚು ಜಮೈಕಾ ಡಾಲರ್ ಬೇಕು. ಒಂದು ತೆರಿಗೆಯಿಲ್ಲದ ಹಣಕಾಸು ಕೇಂದ್ರವಾಗಿ, ಬ್ರಿಟನ್ನಿನ ನೆರಳಲ್ಲೇ ಉಳೀತು. ಇನ್ನೊಂದು ಸ್ವತಂತ್ರ ದೇಶವಾಗಿ ತೈಲ ಬಿಕ್ಕಟ್ಟು, ಸಾಲ, ಐಎಂಎಫ್ ಷರತ್ತುಗಳನ್ನ ಹಾದು ಬಂತು. ಕ್ರೂಸ್ ಪ್ರಯಾಣಿಕ ಒಂದೇ ವಾರದಲ್ಲಿ ಎರಡೂ ಕಡೆ ಇಳೀತಾನೆ. ಒಂದು ಕಡೆ "ಇಲ್ಲಿ ಎಲ್ಲಾ ದುಬಾರಿ" ಅಂತಾನೆ, ಇನ್ನೊಂದು ಕಡೆ "ಇಲ್ಲಿ ಎಲ್ಲಾ ಅಗ್ಗ" ಅಂತಾನೆ.

ಕ್ಯೂಬಾದ ಕತೆ ಇನ್ನೂ ನೇರ. ಸೋವಿಯತ್ ಒಕ್ಕೂಟ ಕುಸಿದ ಮೇಲೆ, 1993ರಲ್ಲಿ ಅಲ್ಲಿ ಡಾಲರ್ ಇಟ್ಟುಕೊಳ್ಳೋದು ಕಾನೂನುಬದ್ಧ ಆಯ್ತು. 2004ರ ನವೆಂಬರ್‌ನಲ್ಲಿ ಸರ್ಕಾರ ಅಂಗಡಿಗಳಿಂದ ಡಾಲರ್ ತೆಗೆದು, ಬದಲಾಯಿಸೋಕೆ ತಂದ ಡಾಲರ್ ನಗದಿನ ಮೇಲೆ ಶೇ 10 ಶುಲ್ಕ ಹೇರಿತು. ಯೂರೊ ತಂದವನಿಗೆ ಆ ಶುಲ್ಕ ಇರಲಿಲ್ಲ. 2016ರ ಮೇನಲ್ಲಿ ದಶಕಗಳ ನಂತರ ಅಮೆರಿಕದಿಂದ ಕ್ರೂಸ್ ಹಡಗು ಹವಾನಾಕ್ಕೆ ಬಂತು. 2019ರ ಜೂನ್‌ನಲ್ಲಿ ಟ್ರಂಪ್ ಆಡಳಿತ ಅದನ್ನ ನಿಲ್ಲಿಸಿತು. ನಿಮ್ಮ ಜೇಬಲ್ಲಿರೋ ನೋಟು ಎಲ್ಲಿ ಸಲ್ಲುತ್ತೆ, ಎಷ್ಟಕ್ಕೆ ಸಲ್ಲುತ್ತೆ ಅನ್ನೋದನ್ನ ಇಬ್ಬರು ಸರ್ಕಾರದವರ ಜಗಳ ನಿರ್ಧರಿಸಬಹುದು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ತನ್ನ ದುಡ್ಡಿನ ಬೆಲೆ ಕುಸೀತಿರೋ ದೇಶದಲ್ಲಿ ಟ್ಯಾಕ್ಸಿಯವನಿಗೆ ಡಾಲರ್ ಅಂದ್ರೆ ಉಳಿತಾಯ. ಅವನಿಗೆ ಅದೇ ಬೇಕು. ಅಂಥವನ ಕೈಗೆ "ಸ್ಥಳೀಯ ದುಡ್ಡಿಗೆ ಗೌರವ" ಅಂತ ಹಠ ಮಾಡಿ ಅವನದೇ ನೋಟು ತುರುಕೋದೂ ಒಂದು ಬಗೆಯ ದೊಡ್ಡಸ್ತಿಕೆಯೇ. ಕೇಳಿದ್ರೆ ಸಾಕು: ನಿಮಗೆ ಯಾವುದು ಅನುಕೂಲ?

ಇನ್ನು ಪಣಂಬೂರು

ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ನವ ಮಂಗಳೂರು ಬಂದರಿಗೂ ವಿದೇಶಿ ಕ್ರೂಸ್ ಹಡಗುಗಳು ಬರ್ತವೆ. ಮುಂಬೈ, ಗೋವಾ, ಮಂಗಳೂರು, ಕೊಚ್ಚಿ, ಕೊಲಂಬೊ ಸಾಲಿನಲ್ಲಿ ಇದೊಂದು ದಿನದ ನಿಲುಗಡೆ. ಪ್ರಯಾಣಿಕರು ಕದ್ರಿ, ಕುದ್ರೋಳಿ, ಅಲೋಶಿಯಸ್ ಚಾಪೆಲ್, ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ ನೋಡಿ ಸಂಜೆಗೆ ವಾಪಸ್. ಕೊಸುಮೆಲ್‌ನಲ್ಲಿ ನಾವು ಪ್ರವಾಸಿ, ಇಲ್ಲಿ ನಮ್ಮ ಆಟೋದವರು, ಬೊಂಡ ಮಾರೋರು ನೋಟು ತಗೊಳ್ಳೋ ಕಡೆ.

ಇಲ್ಲಿ ಒಂದು ವಿಚಿತ್ರ ನಿಯಮ ಇದೆ. ನಮ್ಮ ವಿದೇಶಿ ವಿನಿಮಯ ನಿಯಮಗಳ ಪ್ರಕಾರ ವಿದೇಶದಲ್ಲಿ ನೆಲೆಸಿರೋ ವ್ಯಕ್ತಿ ಭಾರತಕ್ಕೆ ಬರುವಾಗ 25,000 ರೂಪಾಯಿವರೆಗೆ ಭಾರತದ ನೋಟು ತರಬಹುದು. ಪಾಕಿಸ್ತಾನ, ಬಾಂಗ್ಲಾದೇಶದವರಿಗೆ ಈ ಅವಕಾಶ ಇಲ್ಲ. ಷರತ್ತು ಏನಪ್ಪಾ ಅಂದ್ರೆ, ಬರೋದು ವಿಮಾನ ನಿಲ್ದಾಣದ ಮೂಲಕವೇ ಆಗಿರಬೇಕು. ಅಂದ್ರೆ ಹಡಗಿನಲ್ಲಿ ಬಂದವನು ರೂಪಾಯಿ ಹಿಡ್ಕೊಂಡು ಇಳಿಯೋ ಹಾಗೇ ಇಲ್ಲ. ಸ್ಥಳೀಯ ದುಡ್ಡು ಬೇಕು ಅಂದ್ರೆ ಇಳಿದ ಮೇಲೆಯೇ ಬದಲಾಯಿಸಬೇಕು.

ಈಗ ಸಾಲಿನ ಲೆಕ್ಕ ನೋಡಿ. ಒಬ್ಬರ ಪಾಸ್‌ಪೋರ್ಟ್ ನೋಡಿ, ರಸೀದಿ ಕೊಟ್ಟು, ನೋಟು ಎಣಿಸೋಕೆ ಮೂರು ನಿಮಿಷ ಅಂತಿಟ್ಕೊಳ್ಳಿ. ಎರಡು ಕೌಂಟರ್ ಆರು ಗಂಟೆ ಬಿಡುವಿಲ್ಲದೇ ನಡೆದ್ರೆ 240 ಜನ. ಹಡಗಿನಿಂದ 1,500 ಜನ ಇಳಿದ್ರೆ? ಉಳಿದವರ ಮುಂದೆ ಎರಡೇ ದಾರಿ. ಒಂದು, ಏನೂ ಕೊಳ್ಳದೇ ಎಸಿ ಬಸ್ಸಿನಲ್ಲಿ ಹೋಗಿ ಬರೋದು. ಇನ್ನೊಂದು, ಆಟೋದವರ ಕೈಗೆ ಡಾಲರ್ ಕೊಡೋದು.

ಆಟೋದವರು ಡಾಲರ್ ತಗೊಂಡ್ರೆ ತಪ್ಪಾ? ಇಲ್ಲ. ಭಾರತಕ್ಕೆ ಭೇಟಿ ಕೊಟ್ಟ ವಿದೇಶಿ ನಿವಾಸಿಯಿಂದ ಸೇವೆಗೆ ಪ್ರತಿಯಾಗಿಯೋ, ಉಡುಗೊರೆಯಾಗಿಯೋ ಬಂದ ವಿದೇಶಿ ನೋಟುಗಳನ್ನ ಒಟ್ಟು 2,000 ಅಮೆರಿಕನ್ ಡಾಲರ್ ಮೌಲ್ಯದವರೆಗೆ ಇಟ್ಟುಕೊಳ್ಳೋಕೆ ನಮ್ಮ ನಿಯಮಗಳು ಅವಕಾಶ ಕೊಡ್ತವೆ. ತಪ್ಪಾಗೋದು ಮುಂದಿನ ಹೆಜ್ಜೆಯಲ್ಲಿ. ಆ ನೋಟನ್ನ ಪರಿಚಯದ ಅಂಗಡಿಯವರಿಗೋ, ದುಬೈಗೆ ಹೊರಟ ಪಕ್ಕದ ಮನೆಯವರಿಗೋ ರೂಪಾಯಿಗೆ ಮಾರಿದ್ರೆ ಫೆಮಾ ಅಂತ ಕರೆಯೋ 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ಉಲ್ಲಂಘನೆ. ಬ್ಯಾಂಕ್ ಅಥವಾ ರಿಸರ್ವ್ ಬ್ಯಾಂಕ್ ಪರವಾನಗಿ ಇರೋ ವಿನಿಮಯ ಕೇಂದ್ರಕ್ಕೇ ಕೊಡಬೇಕು.

ಕೊಟ್ಟರೆ ಏನು ಸಿಗುತ್ತೆ? ಮಾರುಕಟ್ಟೆ ದರ 85 ರೂಪಾಯಿ, ಕೇಂದ್ರದವರು ಕೊಳ್ಳೋ ದರ 82 ಅಂದ್ಕೊಳ್ಳಿ. 5 ಡಾಲರ್ ನೋಟಿಗೆ 410 ರೂಪಾಯಿ. ಆದರೆ ವಿನಿಮಯದ ಮೇಲೆ ಜಿಎಸ್‌ಟಿ ಇದೆ. ಸಾಮಾನ್ಯವಾಗಿ ಅನುಸರಿಸೋ ಲೆಕ್ಕದಲ್ಲಿ 1 ಲಕ್ಷದವರೆಗಿನ ವಹಿವಾಟಿಗೆ ಶೇ 1ರಷ್ಟನ್ನ ಸೇವೆಯ ಮೌಲ್ಯ ಅಂತ ಹಿಡೀತಾರೆ. ಅದು ಎಷ್ಟೇ ಸಣ್ಣದಿದ್ರೂ ಕನಿಷ್ಠ 250 ರೂಪಾಯಿ. ಅದರ ಮೇಲೆ ಶೇ 18 ಅಂದ್ರೆ 45 ರೂಪಾಯಿ. 410ರಲ್ಲಿ 45 ಹೋದ್ರೆ 365. ಡಾಲರ್‌ಗೆ 73 ರೂಪಾಯಿ ಬಿತ್ತು. 500 ಡಾಲರ್ ಬದಲಾಯಿಸೋನಿಗೂ ಅದೇ ವಿಧಾನದಲ್ಲಿ ಸುಮಾರು 74 ರೂಪಾಯಿ ತೆರಿಗೆ. 5 ಡಾಲರ್ ಬದಲಾಯಿಸೋನಿಗೆ 45! ಮೇಲೆ ಬಸ್ ಚಾರ್ಜು, ಕಳೆದ ಅರ್ಧ ದಿನದ ಬಾಡಿಗೆ. ಇಷ್ಟಾದ ಮೇಲೆ ಅವರು ಅಂಗಡಿಯವರ ಹತ್ರವೇ 75ಕ್ಕೆ ಕೊಟ್ಟುಬಿಟ್ರೆ, ಅವರನ್ನ ಕಾನೂನು ಮುರಿಯೋ ಕಡೆಗೆ ತಳ್ಳಿದ್ದು ಯಾರು?

ಕೊಸುಮೆಲ್‌ನ ಅಂಗಡಿಯವನ 16 ಈಗ ಅರ್ಥ ಆಗುತ್ತಲ್ವಾ?

ಯುಪಿಐ ಇದೆಯಲ್ಲ ಅಂತ ನೀವು ಕೇಳಬಹುದು. 2023ರಲ್ಲಿ ರಿಸರ್ವ್ ಬ್ಯಾಂಕ್ ವಿದೇಶಿ ಪ್ರಯಾಣಿಕರಿಗೆ ಯುಪಿಐ ವಾಲೆಟ್ ಅವಕಾಶ ಕೊಟ್ಟಿತು, ಜಿ-20 ದೇಶಗಳವರಿಂದ ಶುರುಮಾಡಿ. ಆದರೆ ಶುರುವಾಗಿದ್ದು ಎಲ್ಲಿ? ಬೆಂಗಳೂರು, ಮುಂಬೈ, ದೆಹಲಿ ವಿಮಾನ ನಿಲ್ದಾಣಗಳಲ್ಲಿ. ಮತ್ತೆ ವಿಮಾನ ನಿಲ್ದಾಣ! ಪ್ರವಾಸಿ ಅಂದ್ರೆ ವಿಮಾನದಲ್ಲಿ ಬರೋನು ಅನ್ನೋ ಊಹೆ ನಮ್ಮ ನೀತಿಯೊಳಗೇ ಕೂತಿದೆ. ಭಾಷಣದಲ್ಲಿ 'ಕ್ರೂಸ್ ಪ್ರವಾಸೋದ್ಯಮದ ಉತ್ತೇಜನ' ಅಂತೀವಿ, ಆದರೆ ಹಡಗಿನಲ್ಲಿ ಬಂದವನು ಬೊಂಡ ಕುಡಿದು ದುಡ್ಡು ಕೊಡೋಕೆ ಸುಲಭದ ದಾರಿ ಮಾಡಿಲ್ಲ. ಹಡಗೊಳಗೇ, ಬಂದರು ತಲುಪೋ ಹಿಂದಿನ ರಾತ್ರಿ ವಾಲೆಟ್ ನೋಂದಣಿ ಮಾಡಿಸಬಹುದು. ಬಂದರಿನ ನಿಯಮ ವಿಮಾನ ನಿಲ್ದಾಣಕ್ಕೆ ಸಮ ಮಾಡಬಹುದು. ಸಣ್ಣ ವಿನಿಮಯಕ್ಕೆ ಆ ಕನಿಷ್ಠ ತೆರಿಗೆ ತೆಗೆಯಬಹುದು. ಮೂರಕ್ಕೂ ಹೊಸ ಕಟ್ಟಡ ಬೇಕಿಲ್ಲ, ಮನಸ್ಸು ಬೇಕು. ದಕ್ಷಿಣ ಕನ್ನಡದ ಸಂಸದರನ್ನೋ, ಬಂದರು ಪ್ರಾಧಿಕಾರವನ್ನೋ ಕೇಳಬೇಕಾದ ಪ್ರಶ್ನೆಗಳಿವು.

ಹಾಗಾದ್ರೆ ಏನು ಮಾಡೋದು?

ಗೆಳೆಯನಿಗೆ ಕೊನೆಗೆ ಕಳಿಸಿದ ಪಟ್ಟಿ ಇದು.

1. ಹೊರಡೋ ಮೊದಲು ಪ್ರತಿ ಬಂದರೂ ಮೇಲಿನ ನಾಲ್ಕರಲ್ಲಿ ಯಾವ ಬಗೆ ಅಂತ ಬರೆದಿಟ್ಟುಕೊಳ್ಳಿ. ಆ ದಿನದ ಬ್ಯಾಂಕ್ ದರವನ್ನ ಹಡಗಿನ ಇಂಟರ್ನೆಟ್ ಇರುವಾಗಲೇ ಮೊಬೈಲಲ್ಲಿ ಉಳಿಸಿಕೊಳ್ಳಿ.

2. ಬಹಾಮಾಸ್, ಬೆಲೀಜ್, ಬಾರ್ಬಡೋಸ್‌ಗೆ ಡಾಲರ್ ಸಾಕು. ಚಿಲ್ಲರೆ ಅಲ್ಲಿನ ದುಡ್ಡಿನಲ್ಲಿ ಬಂದ್ರೆ ಅಲ್ಲೇ ಖರ್ಚು ಮಾಡಿ. "ಯಾವ ಡಾಲರ್?" ಅಂತ ಮೊದಲೇ ಕೇಳಿ.

3. ಮೆಕ್ಸಿಕೋ, ಜಮೈಕಾದಲ್ಲಿ ಬಂದರಿನ ಗೇಟು ದಾಟಿ ಊರೊಳಗೆ ಹೋಗೋದಿದ್ರೆ ಅಲ್ಲಿನ ದುಡ್ಡು ಇಟ್ಕೊಳ್ಳಿ. ಗೇಟಿನ ಸುತ್ತಮುತ್ತಲೇ ಒಂದೆರಡು ವಸ್ತು ಕೊಂಡು ಬರೋದಿದ್ರೆ ಡಾಲರ್ ನಷ್ಟವನ್ನ ಸಮಯದ ಬೆಲೆ ಅಂತ ಬಿಟ್ಟುಬಿಡಿ.

4. ದೊಡ್ಡ ಅಂಗಡಿ, ಊಟ, ಪ್ರವಾಸದ ಟಿಕೆಟ್‌ಗೆ ಕಾರ್ಡ್. ಮಷಿನ್ ಕೇಳಿದಾಗ ಸ್ಥಳೀಯ ದುಡ್ಡನ್ನೇ ಆರಿಸಿ.

5. ಡಾಲರ್ ಒಯ್ಯೋದಾದ್ರೆ 1, 5, 10ರ ಗರಿಗರಿ ನೋಟುಗಳು. ಹರಿದದ್ದು, ಗೀಚಿದ್ದು ಬೇಡ. ಟಿಪ್ಸ್ ಆಗಿ ಅಮೆರಿಕನ್ ನಾಣ್ಯ ಕೊಡ್ಬೇಡಿ; ತಗೊಂಡವರಿಗೆ ಅದು ಬರೀ ಲೋಹ.

6. ಚೌಕಾಸಿ ಮಾಡೋ ಮೊದಲೇ ಯಾವ ದುಡ್ಡು, ಯಾವ ದರ ಅಂತ ಮಾತಾಡಿಕೊಳ್ಳಿ. ಬೆಲೆ ಒಪ್ಪಿದ ಮೇಲೆ ದುಡ್ಡು ಬದಲಿಸಿದ್ರೆ ಜಗಳ ಖಾತ್ರಿ.

7. ಭಾರತದಿಂದ ಹೋಗೋರು ನಗದು ನೋಟಾಗಿ ಒಂದು ಪ್ರವಾಸಕ್ಕೆ ಸಾಮಾನ್ಯವಾಗಿ 3,000 ಡಾಲರ್ ಮೌಲ್ಯದವರೆಗೆ ಕೊಳ್ಳಬಹುದು. ಶ್ರೀಲಂಕಾ, ಮಾರಿಷಸ್‌ನಲ್ಲಿ ಇಳಿಯೋದಾದ್ರೆ 2024ರ ಫೆಬ್ರುವರಿಯಿಂದ ಅಲ್ಲಿ ಯುಪಿಐ ಸೌಲಭ್ಯ ಇದೆ. ಅಂಗಡಿಯಲ್ಲಿ ಕ್ಯೂಆರ್ ಇದೆಯಾ ಅಂತ ಮೊದಲು ಕೇಳಿ.

8. ಎದುರಿಗಿರೋ ಕೈ ಎಷ್ಟು ಸಣ್ಣದೋ ಅವರ ದುಡ್ಡಿನಲ್ಲೇ ಕೊಡೋಕೆ ಅಷ್ಟು ಹೆಚ್ಚು ಪ್ರಯತ್ನಿಸಿ. ಅವರೇ ಡಾಲರ್ ಕೇಳಿದ್ರೆ ಡಾಲರ್ ಕೊಡಿ.

ಗೆಳೆಯ ಪಟ್ಟಿ ಓದಿ ಕೇಳಿದ: "ಎಂಟನೇದು ನನ್ನ ದುಡ್ಡು ಉಳಿಸಲ್ವಲ್ಲೋ?" ಉಳಿಸಲ್ಲ. ಒಂದು ದಿನಕ್ಕೆ ಹೆಚ್ಚೆಂದರೆ ಒಂದೆರಡು ಡಾಲರ್ ವ್ಯತ್ಯಾಸ ಆದೀತು. ಸಂಜೆ ಹಡಗು ಹತ್ತಿದ ಮೇಲೆ ಅವನಿಗೆ ಅದು ನೆನಪೂ ಇರಲ್ಲ. ಹಣ್ಣಿನ ಗಾಡಿಯವಳು ಮಾತ್ರ ಆ ಒಂದು ಡಾಲರ್ ನೋಟು ಹಿಡ್ಕೊಂಡು ಇನ್ನೂ ಯಾರಾದರೂ ತಗೋತಾರಾ ಅಂತ ಹುಡುಕ್ತಾ ಇರ್ತಾಳೆ. ಪಣಂಬೂರಿನ ಗೇಟಿನ ಹೊರಗೆ ನಮ್ಮ ಆಟೋದವರು ಹುಡುಕ್ತಿರೋ ಹಾಗೇ.